ಸಹೋದ್ಯೋಗಿಯ ತಪ್ಪನ್ನು ಹೇಗೆ ಹೇಳುವಿರಿ? ಸಂದರ್ಶನದ ಪ್ರಶ್ನೆಗೆ ಉತ್ತರಿಸುವ ಬಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಗಾದೆಯ ಉತ್ತರಾರ್ಧವೇ ಇಂದು ಉದ್ಯೋಗ ಸಂದರ್ಶನಗಳಲ್ಲಿ ಪ್ರಶ್ನೆಯ ರೂಪ ತಾಳಿದೆ. “ಸಹೋದ್ಯೋಗಿಯೊಬ್ಬರ ಕೆಲಸದಲ್ಲಿ ದೋಷ ಕಂಡಾಗ ಅದನ್ನು ಅವರಿಗೆ ಹೇಗೆ ತಿಳಿಸಿದಿರಿ? ಒಂದು ಉದಾಹರಣೆ ಕೊಡಿ” ಎಂಬುದು ಆ ಪ್ರಶ್ನೆ.

ಲಿಖಿತ ಪರೀಕ್ಷೆ, ತಾಂತ್ರಿಕ ಸುತ್ತುಗಳನ್ನು ಸಲೀಸಾಗಿ ದಾಟಿ ಬಂದ ಅಭ್ಯರ್ಥಿಗಳೂ ಈ ಪ್ರಶ್ನೆಯೆದುರು ತಡವರಿಸುವುದುಂಟು. ಕೆಲವರು ವಿನಯವೆಂದು ಭಾವಿಸಿ “ನಾನು ಯಾರಲ್ಲೂ ತಪ್ಪು ಹುಡುಕುವುದಿಲ್ಲ” ಎನ್ನುತ್ತಾರೆ. ಇನ್ನು ಕೆಲವರು ಧೈರ್ಯವೆಂದು ಭಾವಿಸಿ “ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತೇನೆ” ಎನ್ನುತ್ತಾರೆ. ಎರಡೂ ಉತ್ತರಗಳು ಕೆಲಸ ಕೈತಪ್ಪಲು ಕಾರಣವಾಗಬಲ್ಲವು. ಮೊದಲನೆಯದು ಹೊಣೆಯಿಂದ ನುಣುಚಿಕೊಳ್ಳುವ ಸ್ವಭಾವವನ್ನು ಸೂಚಿಸಿದರೆ, ಎರಡನೆಯದು ತಂಡವನ್ನು ಒಡೆಯುವ ಸ್ವಭಾವವನ್ನು ಸೂಚಿಸುತ್ತದೆ. ಸರಿಯಾದ ಉತ್ತರ ಇವೆರಡರ ನಡುವೆ ಇದೆ. ಅದಕ್ಕೆ ರಚನಾತ್ಮಕ ಹಿಮ್ಮಾಹಿತಿ, ಅಂದರೆ ಫೀಡ್‌ಬ್ಯಾಕ್ ಎಂಬುದರ ಸ್ವರೂಪವನ್ನು ಅರಿಯಬೇಕಾಗುತ್ತದೆ.

ಯಂತ್ರದಿಂದ ಮನುಷ್ಯನಿಗೆ

ಫೀಡ್‌ಬ್ಯಾಕ್ ಎಂಬ ಪದ ಮೂಲತಃ ಎಂಜಿನಿಯರಿಂಗ್ ಕ್ಷೇತ್ರದ್ದು. ಯಂತ್ರ ಅಥವಾ ವಿದ್ಯುನ್ಮಂಡಲದ ಫಲಿತಾಂಶದ ಒಂದು ಭಾಗವನ್ನು ಮತ್ತೆ ಅದಕ್ಕೇ ಹಿಂದಿರುಗಿಸಿ ಅದರ ಮುಂದಿನ ನಡೆಯನ್ನು ತಿದ್ದುವ ಕ್ರಮವಿದು. ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಪ್ರಕಟಿಸಿದ ‘ಸೈಬರ್ನೆಟಿಕ್ಸ್’ ಗ್ರಂಥ ಈ ಪರಿಕಲ್ಪನೆಯನ್ನು ಜೀವಿಗಳಿಗೂ ಯಂತ್ರಗಳಿಗೂ ಸಮಾನವಾಗಿ ಅನ್ವಯಿಸಿತು.

ಮನುಷ್ಯರ ಗುಂಪುಗಳಲ್ಲಿ ಇದರ ಬಳಕೆಗೆ ದಾರಿ ಮಾಡಿದವರು ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು. 1946ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಅವರು ನಡೆಸಿದ ಶಿಬಿರದಲ್ಲಿ, ದಿನವಿಡೀ ಶಿಬಿರಾರ್ಥಿಗಳ ವರ್ತನೆಯನ್ನು ಗಮನಿಸಿದ ತಜ್ಞರು ಸಂಜೆ ಕುಳಿತು ಚರ್ಚಿಸುತ್ತಿದ್ದರು. ಕೆಲವು ಶಿಬಿರಾರ್ಥಿಗಳು ಆ ಚರ್ಚೆಗೂ ಬಂದು ಕುಳಿತರು. ತಮ್ಮ ವರ್ತನೆ ಇತರರಿಗೆ ಹೇಗೆ ಕಂಡಿತೆಂದು ಕೇಳಿ ಅಚ್ಚರಿಗೊಂಡರು. ಕೆಲವೊಮ್ಮೆ ಅದನ್ನು ಒಪ್ಪದೆ ವಾದಿಸಿದರು. ಬೆಳಗಿನ ಪಾಠಕ್ಕಿಂತ ಸಂಜೆಯ ಈ ಮಾತುಕತೆಯೇ ಅವರಿಗೆ ಹೆಚ್ಚು ಕಲಿಸಿತೆಂಬುದು ಸಂಘಟಕರಿಗೆ ಮನವರಿಕೆಯಾಯಿತು. ಇಂದಿನ ಕಚೇರಿಗಳ ಹಿಮ್ಮಾಹಿತಿ ಪದ್ಧತಿಗೆ ಇಂತಹ ಪ್ರಯೋಗಗಳೇ ಬುನಾದಿ.

ಹಿಮ್ಮಾಹಿತಿಗೂ ಟೀಕೆಗೂ ಇರುವ ವ್ಯತ್ಯಾಸ ಇಲ್ಲಿಯೇ ಸ್ಪಷ್ಟವಾಗುತ್ತದೆ. ಟೀಕೆ ಆಗಿಹೋದುದರ ಬಗ್ಗೆ ತೀರ್ಪು ಕೊಟ್ಟು ನಿಲ್ಲುತ್ತದೆ. ಹಿಮ್ಮಾಹಿತಿ ಮುಂದಿನ ನಡೆಯನ್ನು ತಿದ್ದುವ ಸಲುವಾಗಿ ಹಿಂದಿನದನ್ನು ತೋರಿಸುತ್ತದೆ.

ಪ್ರಶ್ನೆ ಕೇಳುವುದೇಕೆ?

“ನೀವು ಹೇಗೆ ವರ್ತಿಸಿದಿರಿ?” ಎಂಬ ಮಾದರಿಯ ಪ್ರಶ್ನೆಗಳಿಗೆ ವರ್ತನಾಧಾರಿತ ಪ್ರಶ್ನೆಗಳೆಂದು ಹೆಸರು. ವ್ಯಕ್ತಿಯೊಬ್ಬರು ಹಿಂದೆ ಹೇಗೆ ನಡೆದುಕೊಂಡರೆಂಬುದು ಮುಂದೆ ಹೇಗೆ ನಡೆದುಕೊಳ್ಳಬಹುದೆಂಬುದಕ್ಕೆ ಒಂದು ಸೂಚನೆ ಎಂಬುದು ಇದರ ಹಿಂದಿನ ತರ್ಕ. “ಹೀಗಾದರೆ ಏನು ಮಾಡುವಿರಿ?” ಎಂದು ಕಲ್ಪಿತ ಸನ್ನಿವೇಶ ಕೊಡುವುದು ಇನ್ನೊಂದು ಬಗೆ, ಇದಕ್ಕೆ ಸನ್ನಿವೇಶಾಧಾರಿತ ಸಂದರ್ಶನ ಎನ್ನುತ್ತಾರೆ. ಗ್ಯಾರಿ ಲೇಥಮ್ ಮತ್ತು ಸಂಗಡಿಗರು 1980ರಲ್ಲಿ ಇದರ ಕುರಿತ ಸಂಶೋಧನಾ ಲೇಖನ ಪ್ರಕಟಿಸಿದರು.

ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಮೊದಲೇ ನಿಗದಿಪಡಿಸಿದ ಅಳತೆಗೋಲಿನಂತೆ ಅಂಕ ನೀಡುವ ಸಂದರ್ಶನಗಳು ಹರಟೆಯ ರೂಪದ ಸಂದರ್ಶನಗಳಿಗಿಂತ ಹೆಚ್ಚು ವಿಶ್ವಾಸಾರ್ಹವೆಂದು ಅಧ್ಯಯನಗಳು ಹೇಳಿವೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಂಕಿಅಂಶಗಳನ್ನು ಮರುಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಉದ್ಯೋಗದಲ್ಲಿನ ಸಾಧನೆಯೊಂದಿಗೆ ಇಂತಹ ಕ್ರಮಬದ್ಧ ಸಂದರ್ಶನದ ಸಹಸಂಬಂಧ 0.42, ಕ್ರಮಬದ್ಧವಲ್ಲದ ಸಂದರ್ಶನದ್ದು 0.19 ಮಾತ್ರ. ದೊಡ್ಡ ಸಂಸ್ಥೆಗಳು ಇಂತಹ ಪ್ರಶ್ನೆಗಳಿಗೆ ಒಲವು ತೋರುವುದಕ್ಕೆ ಇದೂ ಒಂದು ಕಾರಣ.

ಅಭ್ಯರ್ಥಿಗೂ ಇದರಲ್ಲಿ ಒಂದು ಅನುಕೂಲವಿದೆ. ಅಂಕ ನೀಡುವ ಅಳತೆಗೋಲು ಇರುವುದರಿಂದ ಸಂದರ್ಶಕರು ಯಾವುದನ್ನು ಹುಡುಕುತ್ತಿದ್ದಾರೆಂದು ಊಹಿಸಿ ಸಿದ್ಧತೆ ನಡೆಸುವುದು ಸಾಧ್ಯ. ಅವರ ಗಮನ ಸಾಮಾನ್ಯವಾಗಿ ಐದು ಅಂಶಗಳ ಮೇಲಿರುತ್ತದೆ.

* ಅಹಿತಕರ ಸಂಗತಿಯನ್ನು ಹೇಳುವ ಹೊಣೆಯನ್ನು ಅಭ್ಯರ್ಥಿ ಹೊತ್ತುಕೊಳ್ಳುತ್ತಾರೆಯೇ?
* ಹೇಳುವ ಮುನ್ನ ವಾಸ್ತವಾಂಶವನ್ನು ಖಚಿತಪಡಿಸಿಕೊಳ್ಳುತ್ತಾರೆಯೇ?
* ವ್ಯಕ್ತಿಯನ್ನು ಬಿಟ್ಟು ಕೆಲಸದ ಬಗ್ಗೆ ಮಾತನಾಡುತ್ತಾರೆಯೇ?
* ಎದುರಿನವರ ಮಾತನ್ನು ಕೇಳಿಸಿಕೊಳ್ಳುತ್ತಾರೆಯೇ?
* ಹೇಳಿದ ನಂತರ ಏನಾಯಿತೆಂದು ಗಮನಿಸುತ್ತಾರೆಯೇ?

ಹಿಮ್ಮಾಹಿತಿಯೂ ಕೆಡುಕು ಮಾಡಬಲ್ಲದು

ಹಿಮ್ಮಾಹಿತಿ ಕೊಟ್ಟರೆ ಕೆಲಸ ಸುಧಾರಿಸಿಯೇ ತೀರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅವ್ರಹಾಂ ಕ್ಲುಗರ್ ಮತ್ತು ಏಂಜಲೋ ಡಿನೀಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ನಂಬಿಕೆಯನ್ನು ಅಲುಗಾಡಿಸಿತು. 23,663 ವೀಕ್ಷಣೆಗಳನ್ನು ಆಧರಿಸಿದ 607 ಪರಿಣಾಮ ಮಾಪನಗಳನ್ನು ಅವರು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಸಾಧನೆ ಸುಧಾರಿಸಿತ್ತು; ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಅದು ಇನ್ನಷ್ಟು ಕುಸಿದಿತ್ತು.

ಇದಕ್ಕೆ ಅವರು ನೀಡಿದ ವಿವರಣೆ ಸಂದರ್ಶನಕ್ಕೆ ಸಿದ್ಧರಾಗುವವರು ನೆನಪಿಡಬೇಕಾದದ್ದು. ಕೇಳುವವರ ಗಮನ ಕೆಲಸದಿಂದ ಸರಿದು ತಮ್ಮ ವ್ಯಕ್ತಿತ್ವದತ್ತ ಹೊರಳಿದಷ್ಟೂ ಹಿಮ್ಮಾಹಿತಿಯ ಪ್ರಯೋಜನ ಕುಂದುತ್ತದೆ. “ವರದಿಯ ಮೂರನೇ ಪುಟದ ಮೊತ್ತ ತಾಳೆಯಾಗುತ್ತಿಲ್ಲ” ಎಂದರೆ ಕೇಳಿದವರು ಪುಟ ತಿರುವುತ್ತಾರೆ. “ನಿಮಗೆ ಲಕ್ಷ್ಯವೇ ಇಲ್ಲ” ಎಂದರೆ ತಮ್ಮ ಮರ್ಯಾದೆಯನ್ನು ಕಾಪಾಡಿಕೊಳ್ಳುವ ಯತ್ನದಲ್ಲಿ ಪುಟವನ್ನು ಮರೆಯುತ್ತಾರೆ. ಸಂದರ್ಶಕರು ಅಭ್ಯರ್ಥಿಯ ಉತ್ತರದಲ್ಲಿ ಹುಡುಕುವುದು ಈ ವಿವೇಚನೆಯನ್ನು.

ಉತ್ತರಕ್ಕೊಂದು ಚೌಕಟ್ಟು

ವರ್ತನಾಧಾರಿತ ಪ್ರಶ್ನೆಗಳಿಗೆ ಉತ್ತರಿಸಲು ‘ಸ್ಟಾರ್’ ಎಂಬ ಕ್ರಮ ಜನಪ್ರಿಯವಾಗಿದೆ. ಸನ್ನಿವೇಶ, ಹೊಣೆ, ಕ್ರಿಯೆ, ಫಲಿತಾಂಶ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಘಟನೆಯನ್ನು ಹೇಳುವುದೇ ಈ ಕ್ರಮ. ಅಮೆರಿಕದ ಡಿಡಿಐ ಸಂಸ್ಥೆ ಇದನ್ನು ಬಳಕೆಗೆ ತಂದಿತು. ಸನ್ನಿವೇಶಕ್ಕೆ ಎರಡು ವಾಕ್ಯ, ಹೊಣೆಗೆ ಒಂದು ವಾಕ್ಯ ಸಾಕು. ಉತ್ತರದ ಬಹುಭಾಗ ಕ್ರಿಯೆಗೆ ಮೀಸಲಾಗಿರಬೇಕು. ಬಹುತೇಕ ಅಭ್ಯರ್ಥಿಗಳು ಮಾಡುವ ತಪ್ಪೆಂದರೆ ಸನ್ನಿವೇಶದ ವರ್ಣನೆಯಲ್ಲಿಯೇ ಸಮಯ ಕಳೆದು, “ನಂತರ ಅವರಿಗೆ ತಿಳಿಸಿ ಹೇಳಿದೆ, ಸರಿಹೋಯಿತು” ಎಂದು ಮುಗಿಸಿಬಿಡುವುದು. ತಿಳಿಸಿ ಹೇಳಿದ್ದು ಹೇಗೆ ಎಂಬುದೇ ಪ್ರಶ್ನೆಯಾಗಿತ್ತು ಎಂಬುದನ್ನು ಅವರು ಮರೆಯುತ್ತಾರೆ.

ಕ್ರಿಯೆಯ ಭಾಗವನ್ನು ವಿವರಿಸಲು ‘ಎಸ್‌ಬಿಐ’ ಎಂಬ ಮತ್ತೊಂದು ಕ್ರಮ ನೆರವಾಗುತ್ತದೆ. ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಸನ್ನಿವೇಶ, ವರ್ತನೆ, ಪರಿಣಾಮ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿವು. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಇದನ್ನು ರೂಪಿಸಿತು. ಯಾವಾಗ, ಎಲ್ಲಿ ನಡೆಯಿತು. ಕಣ್ಣಿಗೆ ಕಂಡ ವರ್ತನೆ ಏನು. ಅದರಿಂದ ಯಾರಿಗೆ ಏನಾಯಿತು ಎಂಬ ಮೂರನ್ನಷ್ಟೇ ಹೇಳಬೇಕು. ವ್ಯಕ್ತಿಯ ಉದ್ದೇಶವನ್ನು ಊಹಿಸಬಾರದು.

ಉದಾಹರಣೆಗೆ, “ನೀವು ಯಾವಾಗಲೂ ತಡವಾಗಿ ಬರುತ್ತೀರಿ” ಎಂಬುದು ದೂರು. “ಸೋಮವಾರ ಮತ್ತು ಬುಧವಾರ ಬೆಳಗಿನ ಸಭೆಗೆ ನೀವು ಇಪ್ಪತ್ತು ನಿಮಿಷ ತಡವಾಗಿ ಬಂದಿರಿ. ನಿಮ್ಮ ವಿವರ ಸಿಗದೆ ಗ್ರಾಹಕರಿಗೆ ಆ ದಿನ ಉತ್ತರ ಕೊಡಲಾಗಲಿಲ್ಲ. ಬೆಳಿಗ್ಗೆ ಏನಾದರೂ ತೊಂದರೆ ಇದೆಯೇ?” ಎಂಬುದು ಹಿಮ್ಮಾಹಿತಿ. ಎರಡನೆಯದರಲ್ಲಿ ‘ಯಾವಾಗಲೂ’ ಎಂಬ ಪದವಿಲ್ಲ, ಕೊನೆಯಲ್ಲೊಂದು ಪ್ರಶ್ನೆಯಿದೆ. ಆ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಇಡೀ ಚಿತ್ರವನ್ನೇ ಬದಲಿಸಬಹುದು.

ಮಾದರಿ ಉತ್ತರ

ಈಗಾಗಲೇ ಉದ್ಯೋಗದಲ್ಲಿರುವ ಸಾಫ್ಟ್‌ವೇರ್ ತಂತ್ರಜ್ಞರೊಬ್ಬರ ಉತ್ತರ ಹೀಗಿರಬಹುದು:

“ನಮ್ಮ ತಂಡಕ್ಕೆ ಹೊಸದಾಗಿ ಬಂದ ಸಹೋದ್ಯೋಗಿಯ ಕೋಡ್ ಪರಿಶೀಲಿಸುವ ಹೊಣೆ ನನ್ನದಾಗಿತ್ತು. ಅವರು ಪರೀಕ್ಷೆ ನಡೆಸದೆಯೇ ಕೋಡ್ ಸಲ್ಲಿಸುತ್ತಿದ್ದುದರಿಂದ ಎರಡು ಬಾರಿ ಇತರರ ಕೆಲಸ ನಿಂತಿತು. ಎಲ್ಲರೂ ಓದುವ ಪುಟದಲ್ಲಿ ಬರೆಯುವ ಬದಲು ಅವರೊಬ್ಬರನ್ನೇ ಕರೆದು ಮಾತನಾಡಿದೆ. ಆ ಎರಡು ಸಂದರ್ಭಗಳನ್ನು ತೋರಿಸಿ, ಅದರಿಂದ ತಂಡಕ್ಕಾದ ತೊಂದರೆಯನ್ನು ಹೇಳಿದೆ. ಕಾರಣ ಕೇಳಿದಾಗ, ಪರೀಕ್ಷಾ ವ್ಯವಸ್ಥೆಯನ್ನು ಬಳಸುವುದು ಹೇಗೆಂದು ಅವರಿಗೆ ಯಾರೂ ತೋರಿಸಿರಲಿಲ್ಲವೆಂದು ತಿಳಿಯಿತು. ಒಂದು ಗಂಟೆ ಜೊತೆಗೆ ಕುಳಿತು ತೋರಿಸಿದೆ. ಮುಂದಿನ ಎರಡು ವಾರ ಸಲ್ಲಿಸುವ ಮುನ್ನ ಒಟ್ಟಿಗೆ ನೋಡೋಣವೆಂದು ಒಪ್ಪಿಕೊಂಡೆವು. ಆ ಬಳಿಕ ಇಂತಹ ಅಡಚಣೆ ಆಗಲಿಲ್ಲ. ಹೊಸಬರಿಗೆ ಮೊದಲ ವಾರದಲ್ಲಿಯೇ ಇದನ್ನು ಕಲಿಸಬೇಕೆಂದು ನಾನೂ ಕಲಿತೆ.”

ಈ ಉತ್ತರದಲ್ಲಿ ಸಹೋದ್ಯೋಗಿಯ ಹೆಸರಿಲ್ಲ, ಹಳೆಯ ಸಂಸ್ಥೆಯ ನಿಂದೆಯಿಲ್ಲ. ತಪ್ಪು ಯಾರದೆಂಬುದಕ್ಕಿಂತ ಅದು ಹೇಗೆ ಸರಿಹೋಯಿತೆಂಬುದಕ್ಕೆ ಹೆಚ್ಚು ಒತ್ತಿದೆ. ಕೊನೆಯ ವಾಕ್ಯ ಅಭ್ಯರ್ಥಿಯೂ ಕಲಿಯಬಲ್ಲರೆಂಬುದನ್ನು ತೋರಿಸುತ್ತದೆ. ಹೇಳಲು ಹಿಡಿಯುವ ಸಮಯ ಒಂದೂವರೆ ನಿಮಿಷದೊಳಗೆ.

ಅನುಭವವಿಲ್ಲದವರು ಏನು ಹೇಳಬೇಕು?

ಕಾಲೇಜಿನಿಂದ ನೇರವಾಗಿ ಬರುವ ಅಭ್ಯರ್ಥಿಗಳು “ನಾನಿನ್ನೂ ಕೆಲಸವನ್ನೇ ಮಾಡಿಲ್ಲ” ಎಂದು ಕೈಚೆಲ್ಲಬೇಕಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ತಂಡವಾಗಿ ಪ್ರಾಜೆಕ್ಟ್ ಮಾಡಿರುತ್ತಾರೆ. ತನ್ನ ಪಾಲಿನ ಕೆಲಸ ಮಾಡದ ಗೆಳೆಯನಿಗೆ ಹೇಳಬೇಕಾದ ಮಾತು ಕಚೇರಿಯ ಮಾತಿಗಿಂತ ಸುಲಭವಾದುದಲ್ಲ. ಎನ್‌ಎಸ್‌ಎಸ್ ಶಿಬಿರ, ಕಾಲೇಜಿನ ನಾಟಕ ತಂಡ, ಕ್ರೀಡಾ ತಂಡದ ಅನುಭವಗಳೂ ಆಗಬಹುದು.

ಶಿಕ್ಷಕ ಹುದ್ದೆಗೆ ಬರುವ ಬಿ.ಇಡಿ. ಪದವೀಧರರಿಗಂತೂ ಉದಾಹರಣೆ ಕೈಯಲ್ಲಿಯೇ ಇದೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆ ಎಂಬ ತರಬೇತಿ ಕ್ರಮದ ತಿರುಳೇ ಹಿಮ್ಮಾಹಿತಿ. ಭಾರತದಲ್ಲಿ ಪ್ರಚಲಿತವಿರುವ ಮಾದರಿಯಲ್ಲಿ ಒಂದು ಆವರ್ತಕ್ಕೆ 36 ನಿಮಿಷ: ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6. ಸಹಪಾಠಿಯ ಪಾಠವನ್ನು ಗಮನಿಸಿ, ಆಕೆ ಕಪ್ಪುಹಲಗೆಯತ್ತಲೇ ಮುಖ ಮಾಡಿ ಮಾತನಾಡಿದ್ದನ್ನು ತಿಳಿಸಿ, ಮರುಬೋಧನೆಯಲ್ಲಿ ಆದ ಬದಲಾವಣೆಯನ್ನು ಕಂಡವರು ಆ ಪ್ರಸಂಗವನ್ನೇ ಹೇಳಬಹುದು.

ಉದಾಹರಣೆ ನಿಜಕ್ಕೂ ಇಲ್ಲದಿದ್ದರೆ ಕಟ್ಟುಕಥೆ ಹೇಳುವುದು ಅಪಾಯಕಾರಿ. ಅನುಭವಿ ಸಂದರ್ಶಕರು “ಆಗ ಅವರು ಏನೆಂದರು?”, “ನೀವು ಬಳಸಿದ ಮಾತುಗಳನ್ನೇ ಹೇಳಿ”, “ಈಗ ಅದೇ ಸಂದರ್ಭ ಬಂದರೆ ಏನನ್ನು ಬದಲಿಸುವಿರಿ?” ಎಂದು ಕೆದಕುತ್ತಾರೆ. ನಡೆದ ಘಟನೆಗೆ ವಿವರಗಳು ತಾವಾಗಿಯೇ ಒದಗುತ್ತವೆ. ಕಟ್ಟಿದ ಕಥೆ ಮೂರನೇ ಪ್ರಶ್ನೆಗೆ ಕುಸಿಯುತ್ತದೆ. “ಇಂತಹ ಸಂದರ್ಭ ನನಗೆ ಬಂದಿಲ್ಲ, ಬಂದರೆ ಹೀಗೆ ಮಾಡುತ್ತೇನೆ” ಎಂದು ಹಂತಗಳನ್ನು ವಿವರಿಸುವುದೇ ಹೆಚ್ಚು ಗೌರವದ ದಾರಿ.

ಹಿರಿಯರ ತಪ್ಪು ಕಂಡಾಗ

“ನಿಮ್ಮ ಮೇಲಧಿಕಾರಿಯ ತೀರ್ಮಾನ ತಪ್ಪೆನಿಸಿದಾಗ ಏನು ಮಾಡಿದಿರಿ?” ಎಂಬುದು ಇದೇ ಪ್ರಶ್ನೆಯ ಕಠಿಣ ರೂಪ. ಹಿರಿಯರಿಗೆ ಎದುರು ಮಾತನಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ ಈ ಪ್ರಶ್ನೆ ಇನ್ನಷ್ಟು ಬಿಗಿಯೆನಿಸುತ್ತದೆ. ಆದರೆ ಎದುರು ಮಾತನಾಡುವುದು ಬೇರೆ, ಎಚ್ಚರಿಸುವುದು ಬೇರೆ. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣ ತಪ್ಪಾಗಿದೆಯೆಂದು ತೋರಿದ ಕಿರಿಯ ಶುಶ್ರೂಷಕಿ ಸಂಕೋಚದಿಂದ ಸುಮ್ಮನಿದ್ದರೆ ಅದರ ಬೆಲೆ ತೆರುವವನು ರೋಗಿ. ಕಾರ್ಖಾನೆಯ ಯಂತ್ರದ ರಕ್ಷಣಾ ಕವಚ ತೆಗೆದಿರುವುದನ್ನು ಕಂಡೂ ಸುಮ್ಮನಿರುವ ಕಾರ್ಮಿಕನ ವಿಷಯವೂ ಇಷ್ಟೇ.

ತಪ್ಪನ್ನು ಹೇಳಿದರೆ ಅವಮಾನ ಅಥವಾ ಶಿಕ್ಷೆ ಕಾದಿಲ್ಲವೆಂಬ ಭರವಸೆ ತಂಡದಲ್ಲಿರುವುದನ್ನು ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ‘ಮಾನಸಿಕ ಸುರಕ್ಷೆ’ ಎಂದು ಕರೆದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ಇಂತಹ ಭರವಸೆಗೂ ತಂಡದ ಕಲಿಕೆಗೂ ನಂಟಿರುವುದನ್ನು ತೋರಿಸಿತು.

ಉತ್ತರಿಸುವಾಗ ನಾಲ್ಕು ಸಂಗತಿಗಳು ಸ್ಪಷ್ಟವಾಗಿರಬೇಕು. ಮಾತು ಏಕಾಂತದಲ್ಲಿ ನಡೆಯಿತು, ವಾದಕ್ಕಿಂತ ಅಂಕಿಅಂಶ ಮುಂದಿತ್ತು, ಪರ್ಯಾಯವೊಂದನ್ನು ಸೂಚಿಸಲಾಯಿತು, ಅಂತಿಮ ತೀರ್ಮಾನ ಬೇರೆಯಾದಾಗಲೂ ಅದಕ್ಕೆ ಸಹಕರಿಸಲಾಯಿತು. ಜೀವಕ್ಕೆ ಅಪಾಯ ಅಥವಾ ಅಕ್ರಮದ ಸಂಗತಿಯಾದರೆ ಮಾತ್ರ ಕೊನೆಯ ಅಂಶ ಅನ್ವಯಿಸುವುದಿಲ್ಲ. ಅಲ್ಲಿ ಮೇಲಿನ ಹಂತಕ್ಕೆ ತಿಳಿಸುವುದೇ ಕರ್ತವ್ಯವೆಂದು ನಿಸ್ಸಂಕೋಚವಾಗಿ ಹೇಳಬಹುದು.

ತಪ್ಪಿಸಬೇಕಾದ ಉತ್ತರಗಳು

* ಸಹೋದ್ಯೋಗಿಯನ್ನು ಖಳನಾಯಕನನ್ನಾಗಿಸುವುದು. ನಾಳೆ ತಮ್ಮ ಸಂಸ್ಥೆಯ ಬಗ್ಗೆಯೂ ಇವರು ಹೀಗೆಯೇ ಮಾತನಾಡಬಹುದೆಂದು ಸಂದರ್ಶಕರು ಭಾವಿಸುತ್ತಾರೆ.
* “ಮೇಲಧಿಕಾರಿಗೆ ದೂರು ಕೊಟ್ಟೆ” ಎಂದು ಆರಂಭಿಸುವುದು. ಗಂಭೀರ ಅಕ್ರಮದ ಹೊರತು, ಮೊದಲು ಸಂಬಂಧಪಟ್ಟವರೊಂದಿಗೇ ಮಾತನಾಡುವುದು ಸರಿಯಾದ ಕ್ರಮ.
* ಉಡುಪು, ಉಚ್ಚಾರಣೆ, ಆಹಾರ, ಮನೆಯ ಪರಿಸ್ಥಿತಿಯಂತಹ ವೈಯಕ್ತಿಕ ಸಂಗತಿಗಳನ್ನು ಉದಾಹರಣೆಯಾಗಿ ಆರಿಸುವುದು.
* ಹೊಗಳಿಕೆಯ ಎರಡು ಪದರಗಳ ನಡುವೆ ಟೀಕೆಯನ್ನು ಬಚ್ಚಿಡುವ ‘ಸ್ಯಾಂಡ್‌ವಿಚ್’ ವಿಧಾನವನ್ನು ಮಂತ್ರದಂತೆ ಒಪ್ಪಿಸುವುದು. ಮೆಚ್ಚುಗೆ ನಿಜವಾಗಿದ್ದರೆ ಹೇಳಬೇಕು. ತೋರಿಕೆಯ ಮೆಚ್ಚುಗೆಯಿಂದ ಹೇಳಬೇಕಾದ ಮಾತು ಮಸುಕಾಗುತ್ತದೆ.
* ಎಲ್ಲವೂ ಸುಖಾಂತ್ಯವೆಂದು ತೋರಿಸುವುದು. ಎದುರಿನವರು ಮೊದಲು ಬೇಸರಗೊಂಡರು, ಎರಡನೆಯ ಮಾತುಕತೆ ಬೇಕಾಯಿತು ಎಂದು ಹೇಳುವುದರಿಂದ ಉತ್ತರದ ತೂಕ ಕಡಿಮೆಯಾಗದು.

ಎಲ್ಲಿ ಎದುರಾಗುತ್ತದೆ?

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗ್ರೂಪ್ ‘ಬಿ’ ಅರಾಜಪತ್ರಿತ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿದೆ. ಹೀಗಾಗಿ ಈ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಖಾಸಗಿ ಕ್ಷೇತ್ರದ ಮಾನವ ಸಂಪನ್ಮೂಲ ಸುತ್ತಿನಲ್ಲಿ, ತಂಡದ ನಾಯಕತ್ವದ ಹುದ್ದೆಗಳಲ್ಲಿ ಹಾಗೂ ಸಂಸ್ಥೆಯೊಳಗಿನ ಬಡ್ತಿಯ ಸಂದರ್ಶನಗಳಲ್ಲಿ. ಕೆಳಗಿನವರಿಂದ ಕೆಲಸ ಮಾಡಿಸಬೇಕಾದ ಬ್ಯಾಂಕ್ ಅಧಿಕಾರಿ ಹುದ್ದೆಯ ಅಭ್ಯರ್ಥಿಗಳೂ ಇದಕ್ಕೆ ಸಿದ್ಧರಿರುವುದು ಒಳಿತು.

ಇದರ ಜೋಡಿ ಪ್ರಶ್ನೆಯೊಂದಿದೆ: “ನಿಮಗೆ ಯಾರಾದರೂ ಕಟುವಾದ ಹಿಮ್ಮಾಹಿತಿ ಕೊಟ್ಟಾಗ ಏನು ಮಾಡಿದಿರಿ?” ಇತರರನ್ನು ತಿದ್ದಿದ ಕಥೆಯನ್ನು ಸೊಗಸಾಗಿ ಹೇಳಿ, ತಾವು ತಿದ್ದಿಸಿಕೊಂಡ ಕಥೆಯೊಂದೂ ನೆನಪಾಗದೆ ಒದ್ದಾಡಿದರೆ ಮೊದಲ ಉತ್ತರವೂ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಸಿದ್ಧಪಡಿಸಿಕೊಳ್ಳಬೇಕು.

ಭಾಷೆಯ ಅಳುಕು

ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿಗಳಿಗೆ ಇಂತಹ ಪ್ರಶ್ನೆಗಳು ದುಪ್ಪಟ್ಟು ಹೊರೆ. ತಾಂತ್ರಿಕ ಉತ್ತರಕ್ಕೆ ಕಂಠಪಾಠ ಮಾಡಿದ ಪದಗಳು ನೆರವಿಗೆ ಬರುತ್ತವೆ. ಮನುಷ್ಯ ಸಂಬಂಧದ ಸೂಕ್ಷ್ಮಗಳನ್ನು ಪರಭಾಷೆಯಲ್ಲಿ ಹೇಳುವಾಗ ಮಾತು ಒರಟಾಗಿಬಿಡುವ ಭಯವಿದೆ. ‘ದಯವಿಟ್ಟು’, ‘ಸ್ವಲ್ಪ’, ‘ಅಲ್ಲವೇ’ ಎಂಬ ಪದಗಳಿಂದ ಕನ್ನಡದಲ್ಲಿ ಮೃದುವಾಗುವ ಮಾತು ಇಂಗ್ಲಿಷಿನಲ್ಲಿ ಆಜ್ಞೆಯಂತೆ ಕೇಳಿಸಬಹುದು.

ಇದಕ್ಕೆ ಪರಿಹಾರವೆಂದರೆ ಘಟನೆಯನ್ನು ಮೊದಲು ಕನ್ನಡದಲ್ಲಿ ಹತ್ತು ಸಾಲುಗಳಲ್ಲಿ ಬರೆದುಕೊಳ್ಳುವುದು. ನಂತರ ಅದನ್ನು ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ತಂದು, ಗೆಳೆಯರೊಬ್ಬರೆದುರು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವುದು. ಬಾಯಿಪಾಠ ಬೇಡ. ನೆನಪಿಡಬೇಕಾದದ್ದು ಘಟನೆಯ ಅನುಕ್ರಮವನ್ನು. ಹೇಳಿ ಮುಗಿಸಿದ ಮೇಲೆ “ಎಲ್ಲಿ ಅಸ್ಪಷ್ಟವಾಯಿತು?” ಎಂದು ಆ ಗೆಳೆಯರನ್ನೇ ಕೇಳಬೇಕು. ಅವರು ಕೊಡುವ ಉತ್ತರವನ್ನು ಮುಖ ಗಂಟಿಕ್ಕದೆ ಕೇಳಿಸಿಕೊಂಡರೆ, ಜೋಡಿ ಪ್ರಶ್ನೆಯ ಸಿದ್ಧತೆಯೂ ಅಲ್ಲಿಯೇ ಆರಂಭವಾದಂತೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಕೆಟ್ಟ ರೀತಿಯಲ್ಲಿ ಹೇಳಿದ ಒಂದು ಮಾತಿನಿಂದ ವರ್ಷಗಳ ಸ್ನೇಹ ಮುರಿದ, ಹೇಳದೇ ಉಳಿದ ಒಂದು ಮಾತಿನಿಂದ ತಿಂಗಳುಗಳ ಶ್ರಮ ಹಾಳಾದ ಪ್ರಸಂಗಗಳು ಕೆಲಸ ಮಾಡುವವರ ಬದುಕಿನಲ್ಲಿ ಅಪರೂಪವೇನಲ್ಲ. ಸಂದರ್ಶನದ ಕೊಠಡಿಯಲ್ಲಿ ಈ ಪ್ರಶ್ನೆಗೆ ಸಿಗುವುದು ಎರಡು ನಿಮಿಷ. ಆದರೆ ಕೆಲಸ ದೊರೆತ ಮೇಲೆ ಇದೇ ಪ್ರಶ್ನೆ ಅಂಕಗಳಿಲ್ಲದೆ, ಸೂಚನೆಯಿಲ್ಲದೆ, ಪಕ್ಕದ ಮೇಜಿನ ಸಹೋದ್ಯೋಗಿಯ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿ ಕೊಡುವ ಉತ್ತರವನ್ನೇ ಇಲ್ಲಿ ಹೇಳುವಂತಾದರೆ ಬೇರೆ ಸಿದ್ಧತೆ ಬೇಕಾಗುವುದಿಲ್ಲ.